ಹೆಣ್ಣು ಮಾತುಗಾತಿ, ಗಂಡು ಮೌನಿ – ನಿಜವೇ?

“ಹೆಂಗಸರ ಬಾಯಿಗೆ ಬೀಗವಿಲ್ಲ”, “ಗಂಡಸು ಅಳಬಾರದು” – ವಿವಾಹ ಸಿದ್ಧತಾ ಶಿಬಿರಗಳಲ್ಲಿ ನಾವು ಈ ಮಾತುಗಳನ್ನು ಕೇಳುತ್ತಲೇ ಇರುತ್ತೇವೆ. ಎಲ್ಲರೂ ನಗುತ್ತಾರೆ. ಆದರೆ ಇದೇ ಮಾತು ಮುಂದೆ ಹೆಂಡತಿಯ ಬಾಯಿ ಮುಚ್ಚಿಸುವುದಕ್ಕೂ ಗಂಡನ ದುಃಖವನ್ನು ಅಡಗಿಸುವುದಕ್ಕೂ ನೆಪವಾಗುತ್ತದೆ. ಹಾಗಾದರೆ ಮನಃಶಾಸ್ತ್ರ ಏನು ಹೇಳುತ್ತದೆ?

ದಿನಕ್ಕೆ ಹೆಣ್ಣು 20,000 ಶಬ್ದ ಆಡಿದರೆ ಗಂಡು 7,000 ಶಬ್ದ ಮಾತ್ರ ಆಡುತ್ತಾನೆಂಬ ಲೆಕ್ಕ ಒಂದು ಕಾಲದಲ್ಲಿ ಪುಸ್ತಕಗಳಲ್ಲೇ ಅಚ್ಚಾಗಿತ್ತು. ಮಥಿಯಾಸ್ ಮೆಹ್ಲ್ ಮತ್ತು ಸಂಗಡಿಗರು ಇದನ್ನು ಅಳೆದೇ ನೋಡಿದರು. ಅಮೆರಿಕ ಮತ್ತು ಮೆಕ್ಸಿಕೋದ 396 ವಿದ್ಯಾರ್ಥಿಗಳು ಪುಟ್ಟ ಧ್ವನಿಮುದ್ರಕ ಧರಿಸಿ ಓಡಾಡಿದರು; ಅದು ಆಗಾಗ ತಾನಾಗಿ ಮಾತನ್ನು ಮುದ್ರಿಸಿಕೊಳ್ಳುತ್ತಿತ್ತು. 2007ರಲ್ಲಿ ಬಂದ ಉತ್ತರ: ಇಬ್ಬರದೂ ದಿನಕ್ಕೆ ಸುಮಾರು 16,000 ಶಬ್ದ! 2025ರಲ್ಲಿ ಪ್ರಕಟವಾದ, ಸುಮಾರು 2,200 ಜನರ ಅಧ್ಯಯನದಲ್ಲಿ 25ರಿಂದ 64 ವರ್ಷದ ಸ್ತ್ರೀಯರು ಸುಮಾರು 3,000 ಶಬ್ದ ಹೆಚ್ಚು ಆಡುವುದು ಕಂಡುಬಂತು. ಆದರೆ ಒಬ್ಬ ವ್ಯಕ್ತಿಗೂ ಇನ್ನೊಬ್ಬರಿಗೂ ಇದ್ದ ಅಂತರ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು.

ಅಮೆರಿಕದ ಮನಃಶಾಸ್ತ್ರಜ್ಞೆ ಜಾನೆಟ್ ಹೈಡ್ 2005ರಲ್ಲಿ, ಹಲವಾರು ಸಂಶೋಧನೆಗಳನ್ನು ಒಟ್ಟುಗೂಡಿಸಿದ 46 ವಿಶ್ಲೇಷಣೆಗಳನ್ನು ಪರಿಶೀಲಿಸಿದರು. ಸ್ತ್ರೀ-ಪುರುಷ ವ್ಯತ್ಯಾಸಗಳಲ್ಲಿ ನೂರಕ್ಕೆ 78ರಷ್ಟು ತೀರಾ ಅಲ್ಪ, ಇಲ್ಲವೇ ಶೂನ್ಯಕ್ಕೆ ಹತ್ತಿರ. ಚೆಂಡೆಸೆಯುವ ವೇಗದಂಥ ಕೆಲವು ವಿಷಯಗಳಲ್ಲಿ ಮಾತ್ರ ದೊಡ್ಡ ಅಂತರವಿತ್ತು.

ನಮ್ಮ ದೇಶದ ಒಂದು ಉದಾಹರಣೆಯೂ ಇದೆ. ಮೇಘಾಲಯದ ಖಾಸಿ ಜನರಲ್ಲಿ ವಂಶ ತಾಯಿಯಿಂದ ಸಾಗುತ್ತದೆ. ಪೂರ್ವಿಕರ ಆಸ್ತಿ ಕಿರಿಯ ಮಗಳಿಗೆ. ಸಂಶೋಧಕರು ಅಲ್ಲಿಯೂ, ಪುರುಷ ಪ್ರಾಧಾನ್ಯವಿರುವ ತಾಂಜಾನಿಯಾದ ಮಸಾಯಿ ಜನರಲ್ಲಿಯೂ ಚೆಂಡನ್ನು ಬಕೆಟ್ಟಿಗೆ ಎಸೆಯುವ ಆಟ ಆಡಿಸಿದರು. ಗುರಿ ಮುಟ್ಟಿದಷ್ಟಕ್ಕೆ ಹಣ ಪಡೆಯಬಹುದು, ಅಥವಾ ಇನ್ನೊಬ್ಬರೊಡನೆ ಸ್ಪರ್ಧಿಸಿ ಹೆಚ್ಚು ಗಳಿಸಬಹುದು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮಸಾಯಿಗಳಲ್ಲಿ ಸ್ಪರ್ಧೆಗಿಳಿದವರಲ್ಲಿ ಗಂಡಸರದೇ ಮೇಲುಗೈ, ಖಾಸಿಗಳಲ್ಲಿ ಹೆಂಗಸರದು.

ಹುಟ್ಟಿನ ಪಾತ್ರ ಏನೂ ಇಲ್ಲವೆಂದು ಇದರಿಂದ ಹೇಳಲಾಗದು. ಆದರೆ ನಾವು “ಸ್ವಭಾವ” ಎನ್ನುವುದರಲ್ಲಿ ಬೆಳೆಸಿದ ರೀತಿಯ ಪಾಲೂ ಇದೆ. ಮಗಳು ಮುಂದೆ ಓದುತ್ತೇನೆ ಎಂದಾಗ “ಹೆಣ್ಣಿಗ್ಯಾಕೆ?” ಎನ್ನುವ ಮೊದಲು, ಮಗ ಅತ್ತಾಗ “ಹೆಣ್ಣಿನ ಹಾಗೆ ಅಳ್ಬೇಡ” ಎನ್ನುವ ಮೊದಲು ಸ್ವಲ್ಪ ತಡೆಯೋಣ. ಗಂಡನೋ ಹೆಂಡತಿಯೋ, ಎದುರಿಗಿರುವವರು ಏನು ಹೇಳುತ್ತಿದ್ದಾರೆಂದು ಮೊದಲು ಕೇಳಿಸಿಕೊಳ್ಳೋಣ. ಮನೆಯ ಅರ್ಧ ಜಗಳ ಅಲ್ಲೇ ತಣ್ಣಗಾದೀತು.