ಮಗಳಿಗೆ ಮೊದಲನೆಯ ಗಿಟಾರು

ನಮ್ಮ ಚನ್ನಪಟ್ಟಣವು ಗೊಂಬೆಗಳಿಗೆ ಮಾತ್ರವಲ್ಲದೆ ವಾದ್ಯಗಳ ಉಕ್ಕಿನ ತಂತಿಗೂ ಹೆಸರಾಗಿದ್ದಿತೆಂಬುದನ್ನು 1800ನೆಯ ಇಸವಿಯಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಸಾಹೇಬರು ಬರೆದಿಟ್ಟಿರುವರು. ಇಂತಹ ಸೀಮೆಯ ತಾಯ್ತಂದೆಗಳೇ ಇಂದು ಮಗಳಿಗೆ ಗಿಟಾರನ್ನು ಕೊಳ್ಳುವಾಗ ಹೊಳಪಿಗೆ ಮರುಳಾಗಿ ತಂತಿಯನ್ನು ಮರೆಯುವುದುಂಟು. ತಂತಿಯು ಮೆಟ್ಟುಗಳಿಂದ ಬಹಳ ಎತ್ತರದಲ್ಲಿದ್ದರೆ ಎಳೆಯ ಬೆರಳುಗಳು ನೊಂದು, ಹುಡುಗಿಯು ತನಗೆ ಸಂಗೀತವೇ ಬಾರದೆಂದು ವಾದ್ಯವನ್ನು ಮೂಲೆಗಿಡುವಳು. ದೋಷವು ವಾದ್ಯದ್ದು, ನಿಂದೆಯು ಮಗಳಿಗೆ! ಇಂತಹವರನ್ನು ನಾವು ಕಂಡಿದ್ದೇವೆ.

ಆದಕಾರಣ ಕೊಳ್ಳುವ ಮುನ್ನ ಪರೀಕ್ಷಿಸಿರಿ. ಕೊರಳು ತಿರುಚಿರಬಾರದು, ಮೆಟ್ಟುಗಳ ಅಂಚು ಕೈಗೆ ತರಚಬಾರದು. 12ನೆಯ ಮೆಟ್ಟಿನಲ್ಲಿ ಒತ್ತಿದ ಸ್ವರವು ಬಿಟ್ಟ ತಂತಿಯ ಸ್ವರಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಮೇಲಿರಬೇಕು. ಮುಖದ ಹಲಗೆಯು ಪದರಗಳನ್ನು ಅಂಟಿಸಿದ್ದಾಗಿರದೆ ಇಡಿಯ ಮರದ್ದಾದರೆ ನಾದವು ತುಂಬಿಬರುವುದು. ನಡುವಣ ರಂಧ್ರದ ಅಂಚಿನಲ್ಲಿ ಮರದ ಎಳೆಗಳು ಒಳಕ್ಕೂ ಮುಂದುವರಿದಿರುವುದೇ ಅದರ ಗುರುತು.

ಎಳೆಯರಿಗೆ ನೈಲಾನು ತಂತಿಯು ಮೃದು. ಆದರೆ ಅದಕ್ಕೆಂದು ಮಾಡಿದ ಗಿಟಾರಿಗೆ ಉಕ್ಕಿನ ತಂತಿಯನ್ನು ಬಿಗಿಯಬೇಡಿರಿ. ಸೆಳೆತಕ್ಕೆ ಕುದುರೆಯು ಕಿತ್ತುಬಂದೀತು.

ಅಂಗಡಿಗೆ ಬಲ್ಲವರೊಬ್ಬರನ್ನು ಕರೆದೊಯ್ಯಿರಿ. ಮಗಳನ್ನು ಮಾತ್ರ ಮನೆಯಲ್ಲಿ ಬಿಟ್ಟುಹೋಗಬೇಡಿರಿ; ನುಡಿಸುವ ಕೈ ಅವಳದು.