ತೊಂಬತ್ತರ ಏಕಾಂತ: ಮನಸ್ಸಿಗೂ ಬೇಕು ನಿತ್ಯಕಾಯಕ

ಸುಶ್ರುತಾಚಾರ್ಯರು ಮುಪ್ಪನ್ನು ಹಸಿವು, ನೀರಡಿಕೆ, ನಿದ್ರೆ, ಮರಣಗಳ ಸಾಲಿನಲ್ಲಿರಿಸಿ, ಸ್ವಭಾವದಿಂದಲೇ ಒದಗುವ ಬಾಧೆಗಳ ಗುಂಪಿಗೆ ಸೇರಿಸಿದ್ದಾರೆ. ಹಸಿವನ್ನು ಯಾವ ವೈದ್ಯನೂ ಇಲ್ಲವಾಗಿಸಲಾರ. ಆದರೆ ಹೊತ್ತಿಗೆ ಸರಿಯಾಗಿ ಉಣಿಸಿ ಅದನ್ನು ತಣಿಸಬಹುದು. ಮುಪ್ಪಿನ ವಿಷಯವೂ ಹಾಗೆಯೇ. ವಯೋವೃದ್ಧರ ದೇಹಕ್ಕೆ ಏನನ್ನು ಉಣಿಸಬೇಕೆಂಬುದನ್ನು ನಾವು ವಿಚಾರಿಸುತ್ತೇವೆ; ಅವರ ಮನಸ್ಸಿಗೆ ಏನನ್ನು ಉಣಿಸಬೇಕೆಂಬುದನ್ನು ಮರೆತುಬಿಡುತ್ತೇವೆ.

ಎಂಬತ್ತೈದು ದಾಟಿದವರ ಸ್ಥಿತಿಯನ್ನೊಮ್ಮೆ ನೋಡಿರಿ. ಬಾಳಸಂಗಾತಿ ಅಗಲಿರುತ್ತಾರೆ, ಓರಗೆಯವರು ಒಬ್ಬೊಬ್ಬರಾಗಿ ಹೋಗಿರುತ್ತಾರೆ, ಮಕ್ಕಳು ಉದ್ಯೋಗಕ್ಕಾಗಿ ದೂರದ ಊರುಗಳಲ್ಲಿರುತ್ತಾರೆ. ತುಂಬಿದ ಮನೆಯಲ್ಲಿದ್ದರೂ ಕಿವಿ ಕೇಳದವರು ಒಬ್ಬರೇ ಇದ್ದಂತೆಯೇ ಸರಿ. ಸಾಧಕರು ಏಕಾಂತವನ್ನು ತಾವಾಗಿ ಅರಸಿ ಹೋಗುತ್ತಾರೆ. ಒಂಟಿತನವಾದರೋ ಕರೆಯದೆ ಬರುವ ಅತಿಥಿ. ಇವೆರಡಕ್ಕೂ ಇರುವ ವ್ಯತ್ಯಾಸ ಸುತ್ತಲಿನ ಜನರ ಸಂಖ್ಯೆಯಲ್ಲಿಲ್ಲ. ಆ ಹೊತ್ತಿನಲ್ಲಿ ಮನಸ್ಸಿಗೆ ಮಾಡಲು ಕೆಲಸವಿದೆಯೇ ಇಲ್ಲವೇ ಎಂಬುದರಲ್ಲಿದೆ.

ಇದನ್ನು ನಾನು ಕಲಿತದ್ದು ಗ್ರಂಥಗಳಿಂದಲ್ಲ, ನನ್ನ ತಪ್ಪಿನಿಂದ. ನನ್ನ ತಾಯಿಯವರಿಗೆ ಆಗ 89 ವರ್ಷ. ಊರಿನ ಮನೆಯಲ್ಲಿ ಅಣ್ಣನವರ ಕುಟುಂಬದೊಡನೆ ಇದ್ದರು. ಕೆಲವು ತಿಂಗಳುಗಳಿಂದ ಮಾತು ಕಡಿಮೆಯಾಗಿತ್ತು. ಕೇಳಿದ್ದೊಂದಕ್ಕೆ ಉತ್ತರ ಇನ್ನೊಂದು. ಏಳು ದಶಕ ತಪ್ಪದೆ ಮಾಡಿದ ಲಿಂಗಪೂಜೆಯನ್ನೂ ನಿಲ್ಲಿಸಿದ್ದರು. ‘ಅರವತ್ತಕ್ಕೆ ಅರಳು-ಮರಳು’ ಎನ್ನುತ್ತಾರಲ್ಲ, ಇವರಿಗಂತೂ ತೊಂಬತ್ತು ಸಮೀಪಿಸಿತು ಎಂದು ವೈದ್ಯನಾದ ನಾನೇ ಸಮಾಧಾನ ಹೇಳಿ ಬಂದಿದ್ದೆ. ಮುಂದಿನ ಸಲ ಹೋದಾಗ ನನ್ನ ಮಡದಿ ಅವರ ಪಕ್ಕದಲ್ಲಿ ಕುಳಿತು, ಕಿವಿಯ ಹತ್ತಿರ ಬಾಗಿ, ‘ಅತ್ತಿ, ಪೂಜಿ ಯಾಕ ಬಿಟ್ರಿ?’ ಎಂದು ಕೇಳಿದಳು. ತಾಯಿಯವರು ಬಹಳ ಹೊತ್ತು ಸುಮ್ಮನಿದ್ದು, ‘ಬಟ್ಟಿ ಮೈಲಿಗಿ ಆಗತಾವ, ತಡಕೊಳ್ಳಾಕ ಆಗೂದಿಲ್ಲ. ಇಂಥ ಮೈಯಾಗ ಹೆಂಗ ಲಿಂಗ ಮುಟ್ಟಲಿ?’ ಎಂದರು.

ಕಾರಣ ಮರೆವಲ್ಲ, ನಾಚಿಕೆ. ಮೂತ್ರದ ಸೋಂಕಿತ್ತು; ಚಿಕಿತ್ಸೆಯಿಂದ ಬಹುಪಾಲು ಗುಣವಾಯಿತು. ಎರಡೂ ಕಿವಿಗಳಲ್ಲಿ ಗುಗ್ಗೆ ಗಟ್ಟಿಯಾಗಿತ್ತು. ತೆಗೆಸಿದ ಮೇಲೆ ತಪ್ಪು ಉತ್ತರಗಳೂ ನಿಂತವು. ನಾನು ಒಂದು ಪ್ರಶ್ನೆಯನ್ನು ಕೇಳದೆ ಇದ್ದುದರಿಂದ ಅವರು ಅಷ್ಟು ತಿಂಗಳು ತಮ್ಮ ಲಿಂಗಯ್ಯನಿಂದಲೂ ದೂರವಾಗಿ ಕುಳಿತಿದ್ದರು.

ಆದುದರಿಂದ ಮೊದಲ ಹೆಜ್ಜೆ, ಮನಸ್ಸಿನ ಬಾಗಿಲುಗಳಾದ ಇಂದ್ರಿಯಗಳನ್ನು ಪರೀಕ್ಷಿಸುವುದು. ಮರೆಗುಳಿತನದ ಬಗ್ಗೆ ಲ್ಯಾನ್ಸೆಟ್ ಆಯೋಗವು 2024ರಲ್ಲಿ ಪ್ರಕಟಿಸಿದ ವರದಿಯು, ತಡೆಯಲು ಅಥವಾ ತಗ್ಗಿಸಲು ಸಾಧ್ಯವಿರುವ 14 ಅಪಾಯಕಾರಿ ಅಂಶಗಳನ್ನು ಹೆಸರಿಸಿದೆ. ಕಿವುಡು, ದೃಷ್ಟಿಮಾಂದ್ಯ, ಖಿನ್ನತೆ, ಸಾಮಾಜಿಕ ಒಂಟಿತನಗಳು ಅವುಗಳಲ್ಲಿ ಸೇರಿವೆ. ಕಿವಿಯ ಗುಗ್ಗೆ, ಕಣ್ಣಿನ ಪೊರೆ, ಸಡಿಲವಾದ ಹಲ್ಲುಕಟ್ಟು – ಇವುಗಳಿಗೆಲ್ಲ ಪರಿಹಾರವಿದೆ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ನಿದ್ರೆಮಾತ್ರೆಗಳೂ ಮಂಕುತನವನ್ನು ತರಬಲ್ಲವು. ನಿನ್ನೆ ಚೆನ್ನಾಗಿದ್ದವರು ಇಂದು ಏಕಾಏಕಿ ತಡಬಡಿಸಿದರೆ ಅದನ್ನು ಮುಪ್ಪೆಂದು ತಿಳಿಯಬೇಡಿರಿ. ಸೋಂಕು, ನೀರಿನ ಕೊರತೆ, ಲವಣಾಂಶದ ಏರುಪೇರು ಕಾರಣವಿರಬಹುದು; ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಎರಡನೆಯದು ದೇಹದ ಆರೈಕೆ. ವೃದ್ಧಾಪ್ಯವು ವಾತಪ್ರಧಾನ ಕಾಲ. ವಾತ ಕೆರಳಿದಾಗ ಮೈ ಒಣಗುತ್ತದೆ, ನಿದ್ರೆ ಹರಿಯುತ್ತದೆ, ಮನಸ್ಸಿನಲ್ಲಿ ಅಂಜಿಕೆ ಮೂಡುತ್ತದೆ. ವಾತವನ್ನು ಶಮನಗೊಳಿಸುವುದು ಸ್ನಿಗ್ಧತೆ, ಬಿಸುಪು ಮತ್ತು ಕ್ರಮಬದ್ಧತೆ. ಬೆಚ್ಚಗಿನ ಎಳ್ಳೆಣ್ಣೆಯನ್ನು ನೆತ್ತಿಗೂ ಅಂಗಾಲಿಗೂ ಹಚ್ಚಿ ಮೃದುವಾಗಿ ತಿಕ್ಕುವುದು ಅಭ್ಯಂಗದ ಸುಲಭ ಕ್ರಮ. ಅಂಗಾಲಿನ ಎಣ್ಣೆಯನ್ನು ಚೆನ್ನಾಗಿ ಒರೆಸಿಯೇ ಅವರನ್ನು ನಡೆಯಗೊಡಬೇಕು. ಹತ್ತು ನಿಮಿಷದ ಈ ಸೇವೆಯಲ್ಲಿ ಎಣ್ಣೆಯಷ್ಟೇ ಗುಣ ಮಕ್ಕಳ ಕೈಸ್ಪರ್ಶಕ್ಕೂ ಇದೆ. ಬಿಸಿಯಾದ ಮೆತ್ತನೆಯ ಆಹಾರ, ಹಿತಮಿತವಾದ ತುಪ್ಪ, ಬೆಳಗಿನ ಎಳೆಬಿಸಿಲು ಒಳ್ಳೆಯವು. ಒಂದೆಲಗ, ಅಮೃತಬಳ್ಳಿ, ಜ್ಯೇಷ್ಠಮಧು, ಶಂಖಪುಷ್ಪಿಗಳನ್ನು ಚರಕ ಸಂಹಿತೆಯು ಮೇಧ್ಯ ರಸಾಯನಗಳೆಂದು ಕರೆದಿದೆ. ಒಂದೆಲಗದ ಚಟ್ನಿಯನ್ನು ಆಗಾಗ ಉಣ್ಣಬಹುದು. ಆದರೆ ರಕ್ತದೊತ್ತಡ, ಮಧುಮೇಹಗಳಿಗೆ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಯಾವುದೇ ಚೂರ್ಣವನ್ನು ಆರಂಭಿಸಬಾರದು.

ಮೂರನೆಯದು ಮನಸ್ಸಿನ ಆಹಾರ. ಅಹಿತದಿಂದ ಮನಸ್ಸನ್ನು ಹಿಂದಿರುಗಿಸುವ ಚಿಕಿತ್ಸೆಯನ್ನು ಚರಕರು ಸತ್ತ್ವಾವಜಯ ಎಂದು ಕರೆದರು. ಹಿಂದಿರುಗಿದ ಮನಸ್ಸಿಗೆ ನೆಲೆಯೊಂದು ಬೇಕಷ್ಟೆ. ನಮಗೆ ಆ ನೆಲೆ ಅಂಗೈಯಲ್ಲಿಯೇ ಇದೆ. ಇಷ್ಟಲಿಂಗಪೂಜೆಗೆ ಗುಡಿಗೆ ಹೋಗಬೇಕಿಲ್ಲ, ಮೆಟ್ಟಿಲು ಹತ್ತಬೇಕಿಲ್ಲ, ಅರ್ಚಕರಿಗಾಗಿ ಕಾಯಬೇಕಿಲ್ಲ. ನೆಲದ ಮೇಲೆ ಕುಳಿತುಕೊಳ್ಳಲಾಗದವರು ಕುರ್ಚಿಯಲ್ಲಾಗಲಿ ಮಂಚದ ಮೇಲಾಗಲಿ ಕುಳಿತು ಮಾಡಬಹುದು. ಕೈ ನಡುಗುವವರ ಎಡ ಮೊಣಕೈಯ ಕೆಳಗೆ ದಿಂಬನ್ನಿರಿಸಿರಿ. ದೃಷ್ಟಿ ಮಂದವಾದವರಿಗೆ ಸ್ಪರ್ಶವೇ ಕಣ್ಣಾಗುತ್ತದೆ. ಒಂದು ತಾಸು ಸಾಧ್ಯವಾಗದಿದ್ದರೆ ಹತ್ತು ನಿಮಿಷ ಸಾಕು; ಆದರೆ ಹೊತ್ತು ಮಾತ್ರ ನಿತ್ಯ ಒಂದೇ ಇರಲಿ. ದಿನಗಳೆಲ್ಲ ಒಂದರೊಳಗೊಂದು ಕಲಸಿಹೋಗುವ ವಯಸ್ಸಿನಲ್ಲಿ ಆ ಹೊತ್ತೇ ಕಾಲದ ಗುರುತಾಗುತ್ತದೆ. ಮೈಲಿಗೆಯ ಅಳುಕು ಯಾರಿಗಾದರೂ ಇದ್ದರೆ ನೆನಪಿಸಿರಿ: ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದೂ ಸೂತಕಗಳನ್ನು ಶರಣರು ಅಲ್ಲಗಳೆದಿದ್ದಾರೆ. ಹಾಗಿರುವಾಗ ಮುಪ್ಪಿನ ಮೈ ಸೋತಿತೆಂದು ಲಿಂಗ ದೂರವಾದೀತೇ?

ಸ್ಮೃತಿಯ ಸ್ವಭಾವವನ್ನೂ ಅರಿಯಬೇಕು. ಬೆಳಗಿನ ಉಪಾಹಾರವನ್ನು ಮರೆತವರಿಗೂ ಬಾಲ್ಯದಲ್ಲಿ ಕಂಠಪಾಠ ಮಾಡಿದ ವಚನಗಳು ನೆನಪಿರುವುದುಂಟು. ‘ನಿನ್ನೆ ಯಾರು ಬಂದಿದ್ದರು, ಹೇಳು ನೋಡೋಣ’ ಎಂದು ಅವರನ್ನು ಪರೀಕ್ಷಿಸಬೇಡಿರಿ. ಅದು ಅವರನ್ನು ಕುಗ್ಗಿಸುತ್ತದೆ. ವಚನದ ಮೊದಲ ಸಾಲನ್ನು ನೀವು ಹೇಳಿ, ಮುಂದಿನದನ್ನು ಅವರಿಂದ ಕೇಳಿರಿ.

ನಾಲ್ಕನೆಯದು ಕಾಯಕ. ‘ನೀವು ಸುಮ್ಮನೆ ಕೂತುಕೊಳ್ಳಿ’ ಎಂಬ ಮಾತನ್ನು ನಾವು ಪ್ರೀತಿಯಿಂದಲೇ ಆಡುತ್ತೇವೆ. ಅದು ಹಿರಿಯರಿಗೆ ‘ನೀವು ಬೇಡ’ ಎಂದು ಕೇಳಿಸುತ್ತದೆ. ಬತ್ತಿ ಹೊಸೆಯುವುದು, ಅವರೆ ಸುಲಿಯುವುದು, ಮೊಮ್ಮಗುವಿಗೆ ಕಥೆ ಹೇಳುವುದು – ಕೆಲಸ ಕಿರಿದಾದರೂ ಅದು ನಿಜವಾಗಿ ಮನೆಗೆ ಬೇಕಾದುದಾಗಿರಬೇಕು. ಪಡೆಯುವುದಷ್ಟೇ ಉಳಿದ ಬದುಕು ಭಾರವಾಗುತ್ತದೆ. ಕೊಡುವ ಕೈಗೆ ದಾಸೋಹದ ಸಂತೃಪ್ತಿಯಿದೆ. 1907ರಲ್ಲಿ ಜನಿಸಿ 2019ರಲ್ಲಿ ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳು ನೂರು ದಾಟಿದ ಮೇಲೆಯೂ ಪೂಜೆಯನ್ನೂ ಭಕ್ತರ ಭೇಟಿಯನ್ನೂ ನಿತ್ಯಕ್ರಮವಾಗಿ ಇರಿಸಿಕೊಂಡಿದ್ದರು. ಅವರ ಎತ್ತರ ನಮಗೆ ನಿಲುಕದು. ಆ ಕ್ರಮದ ಒಂದಂಶವಾದರೂ ನಮ್ಮ ಮನೆಗಳಲ್ಲಿ ಸಾಧ್ಯ.

ದೂರದಲ್ಲಿರುವ ಮಕ್ಕಳು ಬಿಡುವಾದಾಗ ಕರೆ ಮಾಡುವುದಕ್ಕಿಂತ ನಿಗದಿತ ವೇಳೆಗೆ ಐದು ನಿಮಿಷ ಮಾತನಾಡುವುದು ಲೇಸು. ಅದಕ್ಕಾಗಿ ಕಾಯುವುದೂ ಹಿರಿಯರಿಗೊಂದು ಕೆಲಸವೇ. ಊಟ ಬಿಡುವುದು, ನಿದ್ರೆ ಕೆಡುವುದು, ‘ಇನ್ನು ಇದ್ದೇನು ಪ್ರಯೋಜನ’ ಎಂದು ಪದೇಪದೇ ಹೇಳುವುದು ಖಿನ್ನತೆಯ ಲಕ್ಷಣಗಳು. ಇದನ್ನು ವೈರಾಗ್ಯವೆಂದು ಭ್ರಮಿಸದೆ ವೈದ್ಯರಿಗೆ ತೋರಿಸಿರಿ. ಹಿರಿಯ ನಾಗರಿಕರ ಸಹಾಯವಾಣಿ 14567 ಮತ್ತು ಮಾನಸಿಕ ಆರೋಗ್ಯದ ಟೆಲಿ-ಮಾನಸ್ 14416, ಇವೆರಡೂ ಉಚಿತ ಕರೆಗಳು.

ನನ್ನ ತಾಯಿಯವರು ಅನಂತರ ಮೂರು ವರ್ಷ ಬದುಕಿದ್ದರು. ಮಂಚದ ಅಂಚಿನಲ್ಲಿ ಕುಳಿತು, ದಿಂಬಿನ ಮೇಲೆ ಕೈಯಿಟ್ಟು, ಕೊನೆಯ ವಾರದವರೆಗೂ ಪೂಜೆ ಮಾಡಿಕೊಂಡರು. ಭಕ್ತಬಂಧುಗಳೇ, ನಿಮ್ಮ ಮನೆಯ ಹಿರಿಯರು ಇತ್ತೀಚೆಗೆ ಏನನ್ನಾದರೂ ಬಿಟ್ಟಿದ್ದರೆ, ಇಂದು ಸಂಜೆ ಅವರ ಪಕ್ಕದಲ್ಲಿ ಕುಳಿತು, ಏಕೆ ಬಿಟ್ಟಿರೆಂದು ಕೇಳಿರಿ. ಉತ್ತರ ಬರುವವರೆಗೂ ಏಳದಿರಿ.