ಬೆಟ್ಟವನ್ನು ಇಳಿಯುವ ಬಗೆ

ಕೊರಟಗೆರೆ, ಮಧುಗಿರಿ ಸೀಮೆಯಲ್ಲಿ ಯಾವ ದಿಕ್ಕಿಗೆ ಮುಖ ಮಾಡಿ ನಿಂತರೂ ಒಂದು ಬೆಟ್ಟ ಕಣ್ಣಿಗೆ ಬೀಳುತ್ತದೆ. ಸಿದ್ಧರಬೆಟ್ಟಕ್ಕೆ ಹರಕೆ ಹೊತ್ತು ಹೋಗುವವರುಂಟು. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹುರುಪಿನಿಂದ ಏರುವ ತರುಣರುಂಟು. ಶ್ರೀಮಠದ ಭಕ್ತರಲ್ಲಿಯೇ ಹನ್ನೊಂದು ಮಂದಿ ಸೇರಿ ಹಲವು ವರ್ಷಗಳಿಂದ ಭಾನುವಾರಗಳಂದು ಈ ಬೆಟ್ಟಗಳನ್ನು ಹತ್ತುತ್ತಾ ಬಂದಿದ್ದೇವೆ. ನಮ್ಮಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ಅಡಿಕೆ ತೋಟದವರಿದ್ದಾರೆ, ಕಿರಾಣಿ ಅಂಗಡಿಯವರಿದ್ದಾರೆ; ವೈದ್ಯರು ಯಾರೂ ಇಲ್ಲ. ಆದುದರಿಂದ ಇಲ್ಲಿ ಬರೆಯುತ್ತಿರುವುದರಲ್ಲಿ ಬಹುಪಾಲು ನಮ್ಮ ಮಂಡಿಗಳೇ ಕಲಿಸಿದ ಪಾಠ. ಔಷಧಿ, ಕಾಯಿಲೆಗಳ ಮಾತು ಬಂದಲ್ಲಿ ಓದುಗರು ತಮ್ಮ ವೈದ್ಯರನ್ನೇ ಕೇಳತಕ್ಕದ್ದು.

ಈ ಬರಹಕ್ಕೆ ಕಾರಣವಾದುದು ಚನ್ನರಾಯನದುರ್ಗ. ಮಧುಗಿರಿಯ ಪಾಳೆಯಗಾರರ ಕಾಲದ ಕೋಟೆಯನ್ನು ಹೊತ್ತ ಈ ಬೆಟ್ಟ ಸಮುದ್ರಮಟ್ಟದಿಂದ 3,700 ಅಡಿಗೂ ಮಿಗಿಲಾದ ಎತ್ತರದಲ್ಲಿದೆ. ಸುತ್ತಲಿನ ನೆಲವೇ ಎತ್ತರದಲ್ಲಿರುವುದರಿಂದ ನಾವು ಕಾಲಿನಿಂದ ಏರಬೇಕಾದದ್ದು ಸುಮಾರು ಒಂದು ಸಾವಿರ ಅಡಿ ಮಾತ್ರ. ಅಷ್ಟೇ ತಾನೆ ಎನ್ನಿಸಬಹುದು. ಆದರೆ ಮಧುಗಿರಿಯಲ್ಲಿ ಅಲ್ಲಲ್ಲಿ ಇರುವಂತೆ ಹಿಡಿದು ನಡೆಯುವ ಕಂಬಿ ಇಲ್ಲಿಲ್ಲ. ಬಹಳಷ್ಟು ಕಡೆ ಬರಿಯ ಬಂಡೆಯ ಇಳಿಜಾರಿನ ಮೇಲೆಯೇ ಹೆಜ್ಜೆ ಇಡಬೇಕು.

ಕೆಲವು ವರ್ಷಗಳ ಹಿಂದೆ, ಮಾರ್ಚ್ ತಿಂಗಳ ಒಂದು ಭಾನುವಾರ, ನಾವು ಅಲ್ಲಿ ದೊಡ್ಡ ತಪ್ಪು ಮಾಡಿದೆವು. ಹೋಟೆಲಿನಲ್ಲಿ ಸಾವಕಾಶವಾಗಿ ತಿಂಡಿ ಮುಗಿಸಿ, ಬೆಟ್ಟದ ಬುಡ ಸೇರುವಾಗ 9 ಗಂಟೆ ದಾಟಿತ್ತು. ಮೇಲೆ ತಲುಪಿದಾಗ ನೆತ್ತಿಯ ಮೇಲೆ ಸೂರ್ಯ. ಪಾಳುಬಿದ್ದ ಗೋಡೆಯ ನೆರಳಿನಲ್ಲಿ ಕುಳಿತು ಉಳಿದಿದ್ದ ನೀರನ್ನೆಲ್ಲ ಹಂಚಿಕೊಂಡು ಕುಡಿದೆವು. ಶಿಖರ ಮುಟ್ಟಿಯಾಯಿತು, ಇನ್ನು ಇಳಿಯುವುದೇನು ಮಹಾ ಎಂಬುದು ನಮ್ಮೆಲ್ಲರ ಮನಸ್ಸಿನಲ್ಲಿತ್ತು. ಅರ್ಧ ದಾರಿ ಇಳಿಯುವಷ್ಟರಲ್ಲಿ ನಮ್ಮ ಮೇಷ್ಟ್ರ ಕಾಲುಗಳು ನಡುಗತೊಡಗಿದವು. ಅವರಿಗೆ ಆಗ 61 ವರ್ಷ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಹರಳು ಮಣ್ಣು ಹರಡಿದ್ದ ಬಂಡೆಯ ಮೇಲೆ ಜಾರಿ ಬಿದ್ದು ಬಲ ಮಣಿಕಟ್ಟನ್ನು ಮುರಿದುಕೊಂಡರು. ಅವರನ್ನು ಕೆಳಗೆ ತರುವಷ್ಟರಲ್ಲಿ ಸಂಜೆ ನಾಲ್ಕಾಗಿತ್ತು. ದಾರಿಯಲ್ಲಿ ಸಿಕ್ಕಿದ ಕುರಿ ಕಾಯುವ ಹಿರಿಯರೊಬ್ಬರು ತಮ್ಮ ಕ್ಯಾನಿನ ನೀರನ್ನು ಕೊಟ್ಟು, ಮೇಷ್ಟ್ರ ಎಡತೋಳನ್ನು ತಮ್ಮ ಹೆಗಲ ಮೇಲೆ ಹಾಕಿಕೊಂಡು ನಡೆಸಿದರು. "ಹತ್ತೋಕೆ ಎದೆ ಸಾಕು ಸ್ವಾಮಿ, ಇಳಿಯೋಕೆ ತೊಡೆ ಬೇಕು" ಎಂದರು ಅವರು. ಆ ಮಾತಿನ ಹಿಂದಿರುವ ಶರೀರಶಾಸ್ತ್ರ ನಮಗೆ ತಿಳಿದದ್ದು ಆಮೇಲೆ.

ಏರುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ದೇಹವನ್ನು ಮೇಲೆತ್ತುತ್ತದೆ. ಹೃದಯ, ಶ್ವಾಸಕೋಶಗಳಿಗೆ ಹೆಚ್ಚಿನ ಕೆಲಸ ಬೀಳುವುದು ಆಗಲೇ. ಏದುಸಿರು ಬರುವುದರಿಂದ ನಾವು ತಾನಾಗಿ ನಿಲ್ಲುತ್ತೇವೆ. ಇಳಿಯುವಾಗ ಉಸಿರು ಸುಲಭ. ಎಚ್ಚರಿಕೆ ಕೊಡುವವರೇ ಇಲ್ಲ. ಆದರೆ ಪ್ರತಿ ಹೆಜ್ಜೆಯಲ್ಲೂ ಅದೇ ತೊಡೆಯ ಸ್ನಾಯು ಹಿಗ್ಗುತ್ತಲೇ ಬಿಗಿ ಹಿಡಿದು, ಬೀಳುವ ದೇಹವನ್ನು ತಡೆಯಬೇಕು. ಬಾವಿಯಿಂದ ಕೊಡ ಎಳೆಯುವುದಕ್ಕೂ ತುಂಬಿದ ಕೊಡವನ್ನು ಹಗ್ಗ ಜಾರದಂತೆ ನಿಧಾನವಾಗಿ ಒಳಗೆ ಬಿಡುವುದಕ್ಕೂ ಇರುವ ವ್ಯತ್ಯಾಸವನ್ನು ನೆನೆದರೆ ಇದು ತಿಳಿಯುತ್ತದೆ. ಹೀಗೆ ಹಿಗ್ಗುತ್ತಾ ದುಡಿದ ಸ್ನಾಯುವಿನ ಎಳೆಗಳು ಸೂಕ್ಷ್ಮವಾಗಿ ಗಾಸಿಗೊಳ್ಳುತ್ತವೆ. ಮರುದಿನಕ್ಕಿಂತ ಅದರ ಮರುದಿನ ತೊಡೆ ಹೆಚ್ಚು ನೋಯುವುದೂ ಇದರಿಂದಲೇ. ಸ್ನಾಯು ದಣಿದು ತಡೆಯುವ ಶಕ್ತಿ ಕುಂದಿದಾಗ ಹೊರೆ ಮಂಡಿಯ ಕೀಲಿನ ಮೇಲೆ ಬೀಳುತ್ತದೆ. ಮೆಟ್ಟಿಲಿಳಿಯುವಾಗ ಮಂಡಿಯ ಮೇಲೆ ಬೀಳುವ ಭಾರ ದೇಹದ ತೂಕದ ಸುಮಾರು ಮೂರು ಪಟ್ಟು. ದಡದಡನೆ ಓಡಿ ಇಳಿದರೆ ಇನ್ನೂ ಹೆಚ್ಚು. ಅರವತ್ತು ಕಿಲೋ ತೂಕದವರು ಲೆಕ್ಕ ಹಾಕಿಕೊಳ್ಳಬಹುದು.

ಆದುದರಿಂದ ನಾವೀಗ ಶಿಖರವನ್ನು ಅರ್ಧ ದಾರಿ ಎಂದು ಎಣಿಸುತ್ತೇವೆ. ಬುಡದಲ್ಲಿಯೇ ಹಿಂತಿರುಗುವ ಗಡಿಯಾರ ಕಟ್ಟಿಕೊಳ್ಳುತ್ತೇವೆ: ಬೆಳಗಿನ 6 ಗಂಟೆಗೆ ಹೊರಟರೆ 8.30ಕ್ಕೆ ಎಲ್ಲಿದ್ದರೂ ಸರಿ, ಅಲ್ಲಿಂದ ಇಳಿಯುವುದು. ಕೋಟೆಯ ಮೇಲ್ತುದಿ ಕೂಗಳತೆಯಲ್ಲಿ ಕಾಣುತ್ತಿದ್ದರೂ ತಿರುಗುವುದೇ. ಈ ನಿಯಮದ ಬಗ್ಗೆ ನಮ್ಮಲ್ಲಿ ಜಗಳವಾದದ್ದುಂಟು, ಮುನಿಸಿಕೊಂಡು ಎರಡು ತಿಂಗಳು ಬಾರದವರೂ ಉಂಟು. ಆದರೂ ಸಡಿಲಿಸಿಲ್ಲ. ನಮ್ಮದು ಮಳೆ ಕಡಿಮೆಯ, ಬಿಸಿಲು ಹೆಚ್ಚಿನ ಸೀಮೆ. ಫೆಬ್ರವರಿ ಕಳೆದರೆ 11 ಗಂಟೆಯ ಹೊತ್ತಿಗೆ ಬಂಡೆ ಕಾದು ಕೆಳಗಿನಿಂದಲೂ ಶಾಖ ಹೊಡೆಯುತ್ತದೆ.

ನೀರಿನ ವಿಷಯದಲ್ಲಿ ಒಂದು ಸಣ್ಣ ಉಪಾಯ ನಮಗೆ ಬಹಳ ಉಪಕರಿಸಿದೆ. ಪ್ರತಿಯೊಬ್ಬರೂ ಎರಡು ಲೀಟರಿಗೆ ಕಡಿಮೆಯಿಲ್ಲದಂತೆ ನೀರು ತರುತ್ತಾರೆ. ಅದರ ಹೊರತಾಗಿ ಒಂದು ಲೀಟರಿನ ಸೀಸೆಯನ್ನು ಚೀಲದ ತಳದಲ್ಲಿ ಬಟ್ಟೆ ಸುತ್ತಿ ಇಡುತ್ತೇವೆ. ಅದಕ್ಕೆ 'ಇಳಿಯುವ ನೀರು' ಎಂದು ಹೆಸರು. ಇಳಿಯಲು ತಿರುಗುವವರೆಗೆ ಅದರ ಮುಚ್ಚಳ ತೆರೆಯುವಂತಿಲ್ಲ. ಅದರಲ್ಲಿ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದ ಅಳತೆಗೆ ಕಲಸಿರುತ್ತೇವೆ. ಪುಡಿ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಬರಿಯ ನೀರನ್ನೇ ಗಟಗಟನೆ ಕುಡಿಯುತ್ತಾ ಹೋಗುವುದು ಸರಿಯಲ್ಲ. ನೀರು ಮಜ್ಜಿಗೆ ಒಳ್ಳೆಯದೇ, ಆದರೆ ಮೊದಲ ಒಂದು ಗಂಟೆಯೊಳಗೆ ಕುಡಿದು ಮುಗಿಸಬೇಕು. ಬಿಸಿಲಿಗೆ ಹುಳಿಯಾಗಿ ಹೊಟ್ಟೆ ಕೆಡಿಸುತ್ತದೆ. ಕೋಟೆಯ ದೊಣೆಗಳಲ್ಲಿ ನಿಂತ ನೀರು ಎಷ್ಟು ತಿಳಿಯಾಗಿ ಕಂಡರೂ ಮುಖ ತೊಳೆಯಲು ಮಾತ್ರ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಉಪ್ಪು ಕಡಿಮೆ ಮಾಡಿರೆಂದು ಹೇಳಿಸಿಕೊಂಡವರು, ಈ ಎರಡರ ಬಗ್ಗೆಯೂ ವೈದ್ಯರನ್ನು ಕೇಳಿಕೊಂಡೇ ಬರಬೇಕು.

ಮೇಷ್ಟ್ರ ನಡುಕದ ವಿಷಯಕ್ಕೆ ಮರಳುತ್ತೇವೆ. ನಾವು ಅದನ್ನು ಕಾಲಿನ ದಣಿವೆಂದೇ ತಿಳಿದಿದ್ದೆವು. ಅಂದು ಅವರು ಮಾತ್ರೆ ನುಂಗಿ ಒಂದೇ ಇಡ್ಲಿ ತಿಂದು ಬಂದಿದ್ದರು. ಮೈ ತಣ್ಣಗೆ ಬೆವರಿತ್ತು. ಎಂದೂ ಗದರದ ಅವರು ವಿನಾಕಾರಣ ರೇಗುತ್ತಿದ್ದರು. ಅದು ರಕ್ತದಲ್ಲಿ ಸಕ್ಕರೆ ಇಳಿದುದರ ಲಕ್ಷಣವಿರಬೇಕೆಂದು ವೈದ್ಯರು ಹೇಳಿದಾಗ ನಮಗೆ ನಾಚಿಕೆಯಾಯಿತು. ಇನ್ಸುಲಿನ್ ಮತ್ತು ಕೆಲವು ಬಗೆಯ ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೆ ಬೆಟ್ಟ ಹತ್ತಿದಂಥ ದೀರ್ಘ ಶ್ರಮದಿಂದ ಹೀಗಾಗಬಹುದು. ಶ್ರಮ ಮುಗಿದ ಕೆಲವು ಗಂಟೆಗಳ ಮೇಲೆ, ರಾತ್ರಿಯೂ ಆಗಬಹುದು. ಈಗ ನಮ್ಮೆಲ್ಲರ ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣವಿರುತ್ತದೆ. ಹುರಿಗಡಲೆ, ಕಡಲೆಬೀಜ ಹೊಟ್ಟೆಗೆ ಆಧಾರ. ಆದರೆ ಆ ಕ್ಷಣಕ್ಕೆ ಬೇಕಾದದ್ದು ಗ್ಲೂಕೋಸ್ ಅಥವಾ ಸಕ್ಕರೆ. ಕೊಟ್ಟು ಹದಿನೈದು ನಿಮಿಷ ಕೂರಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಕೂಡದು.

ಇನ್ನು ಹೆಜ್ಜೆಯ ಮಾತು. ಬಂಡೆಯ ಇಳಿಜಾರಿನಲ್ಲಿ ಹಿಮ್ಮಡಿಯನ್ನು ಮೊದಲು ಊರಿದರೆ ಜಾರುವುದು ಖಂಡಿತ. ಪಾದದ ಇಡೀ ತಳ ಕಲ್ಲಿಗೆ ತಾಗುವಂತೆ, ಮಂಡಿಯನ್ನು ತುಸು ಬಾಗಿಸಿ, ಗಿಡ್ಡ ಗಿಡ್ಡ ಹೆಜ್ಜೆ ಇಡಬೇಕು. ಕಡಿದಾದಲ್ಲಿ ನೇರವಾಗಿ ಇಳಿಯದೆ ಅಡ್ಡಡ್ಡಲಾಗಿ, ಹಾವು ಹರಿದಂತೆ ಇಳಿಯುವುದು ಕ್ಷೇಮ. ಬಂಡೆಯ ಮೇಲೆ ಉದ್ದಕ್ಕೆ ಇಳಿದ ಕಪ್ಪು ಪಟ್ಟೆಗಳು ಮಳೆನೀರು ಹರಿಯುವ ದಾರಿ. ಅಲ್ಲಿ ಪಾಚಿ ಇರುತ್ತದೆ. ಒಣಗಿದಾಗ ಅದು ತಿಳಿಯುವುದಿಲ್ಲ, ಇಬ್ಬನಿ ಬಿದ್ದರೂ ಸಾಕು ಎಣ್ಣೆ ಸವರಿದಂತಾಗುತ್ತದೆ. ಹರಳು ಮಣ್ಣು ಅದಕ್ಕಿಂತ ಮೋಸದ್ದು, ರಾಗಿ ಕಾಳಿನ ಮೇಲೆ ಕಾಲಿಟ್ಟಂತೆ. ತೀರಾ ಕಡಿದಾದ ಕಡೆ ಕುಳಿತು, ಕೈಯೂರಿ, ಒಂದೊಂದೇ ಹೆಜ್ಜೆ ಸರಿಯುವುದರಲ್ಲಿ ಯಾವ ಅವಮಾನವೂ ಇಲ್ಲ. ಪಂಚೆ ಕೊಳೆಯಾದರೆ ಒಗೆಯಬಹುದು.

ಬಿದಿರಿನ ಕೋಲೊಂದನ್ನು ಜೊತೆಗೊಯ್ಯಬೇಕು. ಏರುವಾಗ ಸೊಂಟದೆತ್ತರದ ಕೋಲು ಸಾಕು. ಇಳಿಯುವಾಗ ಎದೆಯೆತ್ತರದ್ದು ಬೇಕು, ಏಕೆಂದರೆ ಕೆಳಗಿನ ನೆಲವನ್ನು ಅದು ನಮಗಿಂತ ಮೊದಲು ಮುಟ್ಟಬೇಕು. ಎದೆಯೆತ್ತರದ್ದನ್ನೇ ಒಯ್ದು ಏರುವಾಗ ನಡುವೆ ಹಿಡಿದರಾಯಿತು. ಕಾಲುಬೆರಳಿನ ಉಗುರುಗಳನ್ನು ಹಿಂದಿನ ದಿನವೇ ಕತ್ತರಿಸಿಕೊಳ್ಳುವುದನ್ನು ಮರೆಯಬಾರದು. ಶಿಖರದಲ್ಲಿ ಶೂ ದಾರವನ್ನು ಕಣಕಾಲಿನ ಬಳಿ ಬಿಗಿಯಾಗಿ ಮತ್ತೆ ಕಟ್ಟಬೇಕು. ಇಲ್ಲದಿದ್ದರೆ ಪಾದ ಮುಂದಕ್ಕೆ ಜಾರಿ, ಹೆಬ್ಬೆರಳಿನ ಉಗುರು ಶೂವಿನ ಮೂತಿಗೆ ಬಡಿದು ಕಪ್ಪಾಗುತ್ತದೆ. ನಮ್ಮಲ್ಲಿ ನಾಲ್ವರಿಗೆ ಹೀಗಾಗಿದೆ.

ಇಲ್ಲಿ ಹರಕೆಯ ಭಕ್ತರಲ್ಲಿ ಒಂದು ವಿಶೇಷ ಬಿನ್ನಹ. ಸಿದ್ಧರಬೆಟ್ಟವೇ ಮೊದಲಾದ ಕ್ಷೇತ್ರಗಳಲ್ಲಿ ಬರಿಗಾಲಿನಲ್ಲಿ ಏರುವುದು ಅನೇಕರ ಸಂಕಲ್ಪ. ಅದನ್ನು ಬಿಡಿರೆಂದು ಹೇಳಲು ನಾವು ಯಾರು? ಆದರೆ ಬಹುಕಾಲದಿಂದ ಸಕ್ಕರೆ ಕಾಯಿಲೆಯಿರುವ ಹಲವರ ಪಾದಗಳಿಗೆ ಸ್ಪರ್ಶ ಮಂಕಾಗಿರುತ್ತದೆ. ಕಾದ ಕಲ್ಲು ಸುಟ್ಟರೂ, ಮುಳ್ಳು ನೆಟ್ಟರೂ ತಿಳಿಯುವುದಿಲ್ಲ. ಅಂಥವರು ವೈದ್ಯರಿಗೆ ಪಾದ ತೋರಿಸಿ, ಸ್ಪರ್ಶ ಮಂಕಾಗಿದೆ ಎಂದಾದರೆ ಬರಿಗಾಲಿನ ಹರಕೆಯನ್ನು ಪೂಜ್ಯರೆದುರು ನಿವೇದಿಸಿಕೊಂಡು ಬೇರೆ ಸೇವೆಯಾಗಿ ಮಾರ್ಪಡಿಸಿಕೊಳ್ಳುವುದು ಲೇಸು. ಉಳಿದವರು ಕಲ್ಲು ಕಾಯುವ ಮೊದಲೇ ಏರಿಳಿದು, ಮನೆಗೆ ಬಂದೊಡನೆ ಕಾಲು ತೊಳೆದು, ಅಂಗಾಲನ್ನು ಕನ್ನಡಿ ಹಿಡಿದಾದರೂ ನೋಡಿಕೊಳ್ಳಲಿ.

ಎದೆಯಲ್ಲಿ ಬಿಗಿತ, ಎಡತೋಳಿಗೋ ದವಡೆಗೋ ಹರಡುವ ನೋವು, ತಲೆ ಸುತ್ತು ಕಂಡರೆ ಅದು ಪಿತ್ತವೆಂದು ನಿಂಬೆಹಣ್ಣು ಹುಡುಕುತ್ತಾ ಕೂರಬಾರದು. ಅಲ್ಲಿಯೇ ಕೂರಿಸಿ 108ಕ್ಕೆ ಕರೆ ಮಾಡಬೇಕು. ಬಿಸಿಲಿಗೆ ಮೈ ಕಾದು ಮಾತು ತೊದಲಿದರೆ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಗೆ ನೀರು ಸುರಿದು ಗಾಳಿ ಬೀಸುತ್ತಲೇ ಸಹಾಯಕ್ಕೆ ಕರೆಯಬೇಕು. ಬೆಟ್ಟ ಹತ್ತುವ ಮುನ್ನ ಕೆಳಗಿನ ಊರಿನಲ್ಲಿ ಯಾರಿಗಾದರೂ 'ಇಷ್ಟು ಜನ ಹೋಗುತ್ತಿದ್ದೇವೆ, ಇಷ್ಟು ಹೊತ್ತಿಗೆ ಬರುತ್ತೇವೆ' ಎಂದು ಹೇಳಿ ಹೋಗುತ್ತೇವೆ. ಈ ಬೆಟ್ಟಗಳಲ್ಲಿ ಕರಡಿಗಳ ಓಡಾಟವೂ ಇರುವುದರಿಂದ ಕತ್ತಲೆಯಲ್ಲಿ ಹೊರಡದೆ ಬೆಳಕು ಹರಿದ ಮೇಲೆಯೇ ಗುಂಪಾಗಿ, ಮಾತಾಡುತ್ತಾ ನಡೆಯುತ್ತೇವೆ. ಮಾತಿನಿಂದ ಇನ್ನೊಂದು ಲಾಭವುಂಟು: ಏರುವಾಗ ಒಂದು ವಾಕ್ಯವನ್ನು ಉಸಿರು ಕಡಿಯದೆ ಹೇಳಲಾಗದಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ.

ಬೆಟ್ಟ ದೂರವಿರುವವರೂ ತೊಡೆಯನ್ನು ಮನೆಯಲ್ಲಿಯೇ ಪಳಗಿಸಬಹುದು. ಕುರ್ಚಿಯಿಂದ ಕೈಯೂರದೆ ಎದ್ದು, ನಾಲ್ಕು ಎಣಿಸುತ್ತಾ ನಿಧಾನವಾಗಿ ಕೂರಬೇಕು. ಏಳುವುದಕ್ಕಿಂತ ಕೂರುವುದು ನಿಧಾನವಾಗಿರಲಿ; ಇಳಿಯುವ ಅಭ್ಯಾಸವಾಗುವುದು ಅಲ್ಲಿಯೇ. ದಿನಕ್ಕೆ ಎರಡು ಬಾರಿ, ಹತ್ತು ಹತ್ತರಂತೆ ಮಾಡಿದ್ದರಿಂದ ನಮ್ಮಲ್ಲಿ ಹಲವರಿಗೆ ಬೆಟ್ಟದ ಮಾತಿರಲಿ, ಮನೆಯ ಮೆಟ್ಟಿಲು ಇಳಿಯುವುದೇ ಹಗುರವಾಗಿದೆ. ಮಂಡಿ ಊದಿಕೊಂಡಿರುವವರು, ಮಡಿಸಿದಾಗ ಸಿಕ್ಕಿಹಾಕಿಕೊಳ್ಳುವಂತಾಗುವವರು ಮೊದಲು ವೈದ್ಯರಿಗೆ ತೋರಿಸಲಿ.

ಮೇಷ್ಟ್ರು ಈಗಲೂ ನಮ್ಮೊಡನೆ ಚನ್ನರಾಯನದುರ್ಗಕ್ಕೆ ಬರುತ್ತಾರೆ. ಆದರೆ ದಾರಿಯಲ್ಲಿ ಸಿಗುವ ಕೋಟೆ ಬಾಗಿಲಿನವರೆಗೆ ಮಾತ್ರ. ನಾವು ಒಂದೆರಡು ಸಲ ಒತ್ತಾಯಿಸಿದೆವು; ಅವರು ಒಪ್ಪಲಿಲ್ಲ, ನಾವೂ ಸುಮ್ಮನಾದೆವು. ಬಾಗಿಲಿನ ನೆರಳಿನಲ್ಲಿ ನಮ್ಮ ಚೀಲಗಳನ್ನು ಕಾಯುತ್ತಾ, ಇಳಿಯುವ ನೀರಿನ ಸೀಸೆಗಳನ್ನು ಸಾಲಾಗಿ ಇಟ್ಟುಕೊಂಡು ಕುಳಿತಿರುತ್ತಾರೆ. ನಾವು ಹಿಂತಿರುಗಿದಾಗ ಮೊದಲು ಗಡಿಯಾರ ನೋಡುತ್ತಾರೆ, ಆಮೇಲೆ ನಮ್ಮ ಕಾಲು ನೋಡುತ್ತಾರೆ. ಯಾರ ಮಂಡಿ ನಡುಗುತ್ತಿದೆಯೋ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಡುಕ ನಿಂತ ಮೇಲೆಯೇ ಏಳಲು ಬಿಡುತ್ತಾರೆ.